ಪರದೇಶದಲ್ಲಿ ಕಲಿತ ಶೌಚಪಾಠ

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಐದು ವರ್ಷದ ನನ್ನ ಮೊಮ್ಮಗನು ನೆಗಡಿಯಿಂದ ಸುರಿಯುತ್ತಿದ್ದ ಮೂಗನ್ನು ಅಂಗಿಯ ತೋಳಿಗೆ ಒರಸಿಕೊಂಡು, ಅದೇ ಕೈಯನ್ನು ಚಕ್ಕುಲಿಯ ಡಬ್ಬಿಯೊಳಕ್ಕೆ ಇಳಿಬಿಟ್ಟನು. ಮನೆಗೆ ಬಂದಿದ್ದ ನೆಂಟರೆದುರಿಗೆ ಅವನ ತಾಯಿಗೆ ನಾಚಿಕೆಯಾಯಿತು. "ಥೂ, ಕೊಳಕ!" ಎಂದು ಗದರಿಸಿ ಕೈಯನ್ನು ಈಚೆಗೆಳೆದಳು. ನೆಂಟರು ನಕ್ಕರು. ಹುಡುಗನು ಅಳಲಿಲ್ಲ, ಗೋಡೆಯ ಕಡೆಗೆ ತಿರುಗಿ ನಿಂತನು. "ಮೂವತ್ತು ವರ್ಷ ಮೇಷ್ಟರಾಗಿದ್ದವರು ನೀವು, ಒಂದು ಬುದ್ಧಿಮಾತನ್ನಾದರೂ ಹೇಳಬಾರದೆ?" ಎಂದು ಸೊಸೆ ನನ್ನನ್ನು ಕೇಳಿದಳು. ನಾನು ಆಗ ಉತ್ತರ ಕೊಡಲಿಲ್ಲ. ಗೋಡೆಯ ಕಡೆಗೆ ತಿರುಗಿ ನಿಂತ ಅಂಥದೇ ಇನ್ನೊಂದು ಬೆನ್ನು ನನ್ನ ಕಣ್ಣಮುಂದೆ ಬಂದಿತ್ತು. ಆ ವೃತ್ತಾಂತವನ್ನು ಗೃಹಸ್ಥರಾದ ವಾಚಕರ ಮುಂದೆ ನಿವೇದಿಸಿಕೊಂಡರೆ ಅದೇ ಸೊಸೆಗೆ ಕೊಟ್ಟ ಉತ್ತರವೂ ಆದೀತು.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಹೊಟ್ಟೆಪಾಡಿಗೆ ಇಂಗ್ಲಿಷನ್ನು ಕಲಿತು ಪ್ರೌಢಶಾಲೆಯಲ್ಲಿ ಎರಡನ್ನೂ ಕಲಿಸುತ್ತಿದ್ದವನು. ಭಾರತಕ್ಕೂ ದಕ್ಷಿಣ ಕೊರಿಯಾ ದೇಶಕ್ಕೂ ಆದ ವ್ಯಾಪಾರದ ಒಡಂಬಡಿಕೆಯು 2010ನೆಯ ಇಸವಿಯ ಜನವರಿಯಲ್ಲಿ ಜಾರಿಗೆ ಬಂದಿತು. ಶಿಕ್ಷಣದ ಯೋಗ್ಯತಾಪತ್ರವುಳ್ಳ ಭಾರತೀಯರು ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷಿನ ಸಹಾಯಕ ಉಪಾಧ್ಯಾಯರಾಗಿ ಹೋಗಲು ಅದರಿಂದ ದಾರಿಯಾಯಿತು. ಮಗಳ ಮದುವೆಯ ಸಾಲ ತಲೆಯಮೇಲಿದ್ದುದರಿಂದ ನಾನು ಸಂಬಳವಿಲ್ಲದ ರಜೆಯನ್ನು ಪಡೆದು, 2012ರ ಮಾರ್ಚಿನಿಂದ ಎರಡು ವರ್ಷ ದಕ್ಷಿಣ ಜೊಲ್ಲಾ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿದೆನು. ಅಲ್ಲಿ ಶಾಲೆಯ ವರ್ಷವು ಮಾರ್ಚಿನಲ್ಲಿ ಮೊದಲಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಶಾಲೆಯ ಸುತ್ತ ಗದ್ದೆ ಮತ್ತು ಈರುಳ್ಳಿಯ ಹೊಲಗಳು. ತರಗತಿಯಲ್ಲಿ ನನ್ನ ಪಕ್ಕದಲ್ಲಿ ಯಾವಾಗಲೂ ಆ ದೇಶದ ಉಪಾಧ್ಯಾಯಿನಿಯೊಬ್ಬರು ಇರುತ್ತಿದ್ದರು.

ಮೊದಲ ದಿನ ಆ ಶಾಲೆಯ ನೈರ್ಮಲ್ಯವನ್ನು ಕಂಡು ನಾನು ತಲೆದೂಗಿದೆನು. ಬೀದಿಯಲ್ಲಿ ಮೆಟ್ಟಿದ ಪಾದರಕ್ಷೆ ಬಾಗಿಲನ್ನು ದಾಟುವಂತಿಲ್ಲ. ಒಳಗೆ ಓಡಾಡುವುದಕ್ಕೆ 'ಶಿಲ್ಲೆಹ್ವಾ' ಎಂಬ ಬೇರೆ ಮೆಟ್ಟು. ಮಧ್ಯಾಹ್ನ ಎಲ್ಲರಿಗೂ ಶಾಲೆಯಲ್ಲಿಯೇ ಊಟ. ಉಕ್ಕಿನ ತಟ್ಟೆಯ ಗುಳಿಗಳಲ್ಲಿ ಅನ್ನ, ಸಾರು, ಕಿಮ್ಚಿ, ಮತ್ತೆರಡು ವ್ಯಂಜನ. ಊಟವಾದ ಮೇಲೆ ಹುಡುಗರು ಕುಂಚವನ್ನು ಹಿಡಿದು ನಲ್ಲಿಯ ಮುಂದೆ ಸಾಲಾಗಿ ನಿಂತು ಹಲ್ಲುಜ್ಜುವರು. ಸಂಜೆಯಾಗುವುದಕ್ಕೆ ಮುಂಚೆ ತರಗತಿಯನ್ನೂ ಮೊಗಸಾಲೆಯನ್ನೂ ಅವರೇ ಗುಡಿಸಿ ಒರಸುವರು; ಯಾರ ಮಗನೇ ಆಗಲಿ ಪೊರಕೆ ತಪ್ಪದು. ನಮ್ಮಲ್ಲಿ ಶಾಲೆಯ ಶೌಚಗೃಹವನ್ನು ತೊಳೆಯುವ ಕೆಲಸವನ್ನು ಯಾವ ಮಕ್ಕಳಿಗೆ ಹೇಳುತ್ತಾರೆ, ಯಾವ ಮಕ್ಕಳಿಗೆ ಹೇಳುವುದಿಲ್ಲ ಎಂಬುದನ್ನು ನೆನೆದು ನಾನು ಒಳಗೊಳಗೇ ತಲೆ ತಗ್ಗಿಸಿದೆನು.

ಆದರೆ ಮನುಷ್ಯನಿಗೆ ಪರರ ಗುಣವು ಒಂದು ವಾರದಲ್ಲಿ ಹಳೆಯದಾಗುತ್ತದೆ. ದೋಷವು ದಿನದಿನಕ್ಕೆ ಹೊಸದಾಗಿ ಕಾಣುತ್ತದೆ. ಹುಡುಗರು ಬಾಯಿಗೆ ಕೈಯನ್ನು ಅಡ್ಡವಿಡದೆ ಕೆಮ್ಮುತ್ತಿದ್ದರು. ನನ್ನ ಮುಖದಮೇಲೆಯೇ ಸೀನುತ್ತಿದ್ದರು. ಶೌಚಕ್ಕೆ ಹೋದವರು ಬೆರಳ ತುದಿಗಳನ್ನು ನೀರಿಗೆ ತೋರಿಸಿ ಓಡಿಬರುತ್ತಿದ್ದರು. ಗೋಡೆಯ ಕಬ್ಬಿಣದ ಸಲಾಕೆಗೆ ಸಿಕ್ಕಿಸಿದ್ದ ಸಾಬೂನಿನ ಉಂಡೆ ಒಣಗಿ ಬಿರುಕುಬಿಟ್ಟಿತ್ತು. ದೊಡ್ಡ ಹುಡುಗರು ಅಂಗಳದಲ್ಲಿ ಉಗುಳುತ್ತಿದ್ದರು. ಎಲ್ಲಕ್ಕೂ ಮಿಗಿಲಾಗಿ ಮೂಗು! ಚಳಿಗಾಲದಲ್ಲಿ ಮೂವತ್ತು ಮೂಗುಗಳು ಒಂದೇ ಸಮನೆ ಒಳಕ್ಕೆ ಸೆಳೆದುಕೊಳ್ಳುವ ಶಬ್ದದಲ್ಲಿ ನನ್ನ ಪಾಠವು ಮುಳುಗಿಹೋಗುತ್ತಿತ್ತು. ದೊಡ್ಡವರು ಊಟಕ್ಕೆ ಕುಳಿತಾಗ ಒಂದೇ ಕುದಿಯುವ ಗಡಿಗೆಗೆ ಎಲ್ಲರೂ ಚಮಚವನ್ನು ಅದ್ದುವುದನ್ನು ಕಂಡಾಗಲಂತೂ, ಎಂಜಲು ಮುಸುರೆಗಳ ವಿಧಿನಿಷೇಧಗಳಲ್ಲಿ ಬೆಳೆದ ನನ್ನ ಪ್ರಾಣವು ಹಾರಿಹೋದಂತಾಯಿತು.

ಆ ದೇಶದವರ ಕಣ್ಣಿಗೆ ನಾನು ಹೇಗೆ ಕಾಣುತ್ತಿದ್ದೇನೆಂಬುದು ನನಗೆ ಬಹುಕಾಲ ಹೊಳೆಯಲೇ ಇಲ್ಲ. ಒಂದು ದಿನ ತರಗತಿಯಲ್ಲಿ ಶೀತವಾಗಿದ್ದ ನಾನು ಕರವಸ್ತ್ರವನ್ನು ತೆಗೆದು ಶಂಖಧ್ವನಿಯಂತೆ ಮೂಗನ್ನು ಸೀಟಿ, ವಸ್ತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆನು. ಮಕ್ಕಳು ಮುಖವನ್ನು ಕಿವಿಚಿಕೊಂಡರು. ನಾಲ್ವರ ಮುಂದೆ, ಅದರಲ್ಲಿಯೂ ಊಟದ ಹೊತ್ತಿನಲ್ಲಿ, ಮೂಗನ್ನು ಸೀಟುವುದು ಅಲ್ಲಿ ದೊಡ್ಡ ಅಸಭ್ಯತೆ, ಸೆಳೆದುಕೊಳ್ಳುವುದೇ ಮರ್ಯಾದೆ. ಸೀಟಿದ್ದನ್ನು ಗಂಟುಕಟ್ಟಿ ಜೇಬಿನಲ್ಲಿ ಜೋಪಾನಮಾಡುವುದಂತೂ ಅವರ ಊಹೆಗೆ ಮೀರಿದ ಕೊಳಕು. ಇನ್ನೊಂದು ದಿನ ಊಟದ ಮನೆಯಲ್ಲಿ ಅಭ್ಯಾಸಬಲದಿಂದ ಅನ್ನವನ್ನು ಬೆರಳಿನಲ್ಲಿ ಕಲಸಿದಾಗ ಎದುರಿಗಿದ್ದ ಪುಟ್ಟ ಹುಡುಗಿ, "ಸೊನ್ಸೇಂಗ್ನಿಮ್, ಕೈ ಕೊಳಕು" ಎಂದು ಕನಿಕರದಿಂದ ತನ್ನ ಚಮಚವನ್ನೇ ನನಗೆ ಕೊಡಹೋದಳು. ನಾನು ನಕ್ಕೆನು, ಆದರೆ ಅದರಿಂದ ಕಲಿಯಬೇಕಾದುದನ್ನು ಕಲಿಯಲಿಲ್ಲ.

ಎರಡನೆಯ ವರ್ಷದ ವಸಂತಕಾಲ. ಆ ಋತುವಿನಲ್ಲಿ ಗೋಬಿ ಮರುಭೂಮಿಯ ಕಡೆಯಿಂದ 'ಹ್ವಾಂಗ್ಸಾ' ಎಂಬ ಹಳದಿಯ ಧೂಳು ಗಾಳಿಯಲ್ಲಿ ತೇಲಿಬಂದು ಕೊರಿಯಾದ ಆಕಾಶವನ್ನು ಮುಸುಕುತ್ತದೆ. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಮೂಗು ಎಂದೂ ಒಣಗಿದ್ದಿಲ್ಲ, ಅಂಗಿಯ ತೋಳು ಗಂಜಿ ಹಾಕಿದಂತೆ ಗಡುಸಾಗಿತ್ತು, ಉಗುರುಗಳಲ್ಲಿ ಮಣ್ಣು. ಒಂದು ಬೆಳಗ್ಗೆ ನಾನು ಕಪ್ಪುಹಲಗೆಯ ಮೇಲೆ ಆರೋಗ್ಯದ ಕೆಲವು ವಾಕ್ಯಗಳನ್ನು ಬರೆದು ಓದಿಸುತ್ತಿರಲು, ಅವನು ಬರೆದ ಪುಸ್ತಕವನ್ನು ತಂದು ನನ್ನ ಕೈಯಲ್ಲಿಟ್ಟನು. ಹಾಳೆ ತೇವವಾಗಿತ್ತು. ನನಗೆ ಮೈ ಜುಮ್ಮೆಂದಿತು. ಅವನನ್ನು ತರಗತಿಯ ಮುಂದೆ ನಿಲ್ಲಿಸಿ, ಅವನ ತೋಳನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, "ಇದು ಕೊಳಕು, ಹೀಗಿರಬಾರದು" ಎಂದು ಅವರಿಗೆ ತಿಳಿಯುವಷ್ಟು ಸುಲಭವಾದ ಇಂಗ್ಲಿಷಿನಲ್ಲಿ ಹೇಳಿದೆನು. ತರಗತಿಯೆಲ್ಲ ಗೊಳ್ಳೆಂದಿತು. ಹುಡುಗನು ಗೋಡೆಯ ಕಡೆಗೆ ತಿರುಗಿ ನಿಂತನು.

ಆ ದೇಶದ ಶಾಲೆಗಳಲ್ಲಿ ಕೋಲಿನಿಂದಾಗಲಿ ಕೈಯಿಂದಾಗಲಿ ಮಕ್ಕಳನ್ನು ಹೊಡೆಯಬಾರದೆಂದು 2011ರಲ್ಲಿಯೇ ವಿಧಿಸಿದ್ದರು. ನಾನು ಹೊಡೆದವನಲ್ಲ. ಆದರೆ ನಾಲಗೆಯ ಬೆತ್ತವನ್ನು ಕಸಿದುಕೊಳ್ಳುವುದು ಯಾವ ಕಾನೂನಿಗೂ ಸುಲಭವಲ್ಲ.

ಮರುದಿನದಿಂದ ಆ ಹುಡುಗನಿಗೆ ಒಂದು ಅಡ್ಡಹೆಸರು ಬಿದ್ದಿತು. ನಾನಾಡಿದ ಇಂಗ್ಲಿಷಿನ ಮಾತೇ ಆ ಹೆಸರು. ಮೂವತ್ತು ಪಾಠಗಳಲ್ಲಿ ಒಂದು ಶಬ್ದವನ್ನೂ ನೆನಪಿಡದ ಮಕ್ಕಳು ಈ ಒಂದನ್ನು ಒಂದೇ ಸಲಕ್ಕೆ ಕಲಿತಿದ್ದರು. ಊಟದ ಮನೆಯಲ್ಲಿ ಅವನ ಪಕ್ಕದ ಪೀಠ ಬರಿದಾಯಿತು. ಮೂರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಸಹೋಪಾಧ್ಯಾಯಿನಿ ನನ್ನನ್ನು ಆಕ್ಷೇಪಿಸಲಿಲ್ಲ. ಹಿರಿಯರ ತಪ್ಪನ್ನು ನೇರವಾಗಿ ತೋರಿಸುವುದು ಅಲ್ಲಿಯ ರೂಢಿಯಲ್ಲ. ಸಂಜೆ ಪೊರಕೆಗಳನ್ನು ಜೋಡಿಸುತ್ತ, ಬೇರೆ ಯಾರ ವಿಷಯವನ್ನೋ ಹೇಳುವವರಂತೆ ಹೇಳಿದರು: ಆ ಹುಡುಗನ ತಂದೆತಾಯಿಗಳು ಬೇರೆಯಾಗಿ ದೂರದ ನಗರಗಳಲ್ಲಿದ್ದಾರೆ, ಅವನು ಅಜ್ಜಿಯ ಬಳಿ ಇರುತ್ತಾನೆ, ಅಜ್ಜಿ ಬೆಳಗಾಗುವ ಮುಂಚೆ ಈರುಳ್ಳಿಯ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ, ಹುಡುಗನ ಮೂಗು ಸುರಿಯುವುದು ಉದಾಸೀನದಿಂದಲ್ಲ, ಧೂಳು ಒಗ್ಗದ ರೋಗದಿಂದ, ಆ ಅಂಗಿಯನ್ನು ವಾರಕ್ಕೊಮ್ಮೆ ಅವನೇ ಒಗೆದುಕೊಳ್ಳುತ್ತಾನೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಬಾಲ್ಯವೆಲ್ಲ ಎದ್ದು ಬಂದು ಎದುರಿಗೆ ಕುಳಿತಿತು. ನಾನು ವಾರಾನ್ನದ ವಿದ್ಯಾರ್ಥಿಯಾಗಿದ್ದವನು. ಇದ್ದುದು ಎರಡು ಪಂಚೆ. ಮಳೆಗಾಲದಲ್ಲಿ ಒಂದು ಒಣಗುತ್ತಿರಲಿಲ್ಲ, ಇನ್ನೊಂದು ನಾರುತ್ತಿತ್ತು. ಜೊತೆಯ ಹುಡುಗರು ಮೂಗನ್ನು ಮುಚ್ಚಿಕೊಂಡಾಗ ನನ್ನ ಗುರುಗಳು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ತಾವು ಬಟ್ಟೆ ಒಗೆಯುವಾಗ ನನ್ನನ್ನು ಬಾವಿಯ ಕಟ್ಟೆಗೆ ಕರೆದು, "ನೀರು ಸೇದಿಕೊಡಯ್ಯ" ಎಂದರು. ಸೇದಿಕೊಟ್ಟೆನು. ತಮ್ಮ ಪಂಚೆಯ ಜೊತೆಗೆ ನನ್ನದನ್ನೂ ಕಲ್ಲಿನ ಮೇಲೆ ಹಾಕಿ, ಶಬ್ದರೂಪಗಳನ್ನು ಒಪ್ಪಿಸುವಂತೆ ಹೇಳಿ, ನಾನು ಒಪ್ಪಿಸಿ ಮುಗಿಸುವಷ್ಟರಲ್ಲಿ ಎರಡನ್ನೂ ಒಗೆದಿಟ್ಟರು. ಅಷ್ಟೇ. ಮಡಿವಂತಿಕೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೂ ನನ್ನ ಪಂಚೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿಯಲಿಲ್ಲ.

ಪತಂಜಲಿಯ ಯೋಗಸೂತ್ರಗಳಲ್ಲಿ ಐದು ನಿಯಮಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಶೌಚ. ಇದನ್ನು ನಾನು ಎಷ್ಟೋ ಸಲ ಹುಡುಗರಿಗೆ ಹೆಮ್ಮೆಯಿಂದ ಹೇಳಿದ್ದುಂಟು. ಆದರೆ ನಿಯಮಗಳಿಗೆ ಮುಂಚೆ ಯಮಗಳಿವೆ. ಯಮಗಳಲ್ಲಿ ಮೊದಲನೆಯದು ಅಹಿಂಸೆ. ಅಹಿಂಸೆಯನ್ನು ದಾಟಿಯೇ ಶೌಚಕ್ಕೆ ಬರಬೇಕೆಂಬ ಆ ಕ್ರಮವನ್ನು ಕಂಠಪಾಠ ಮಾಡಿದ್ದ ನಾನು, ಆ ಬೆಳಗ್ಗೆ ಹಿಂದುಮುಂದುಮಾಡಿದ್ದೆನು.

ಮರುದಿನ ಸಹೋಪಾಧ್ಯಾಯಿನಿಯನ್ನು ಕರೆದುಕೊಂಡು ಆ ಅಜ್ಜಿಯ ಮನೆಗೆ ಹೋದೆನು. ಬಾಗಿಲಲ್ಲಿ ಪಾದರಕ್ಷೆಯನ್ನು ಬಿಟ್ಟು, ಆ ದೇಶದ ಪದ್ಧತಿಯಂತೆ ಸೊಂಟವನ್ನು ಬಗ್ಗಿಸಿ ನಮಸ್ಕರಿಸಿ, ತಪ್ಪಾಯಿತೆಂದು ಹೇಳಿಸಿದೆನು. ಮುದುಕಿ ಗಾಬರಿಯಾದಳು, ಮೇಷ್ಟರು ಕ್ಷಮೆ ಬೇಡುವುದನ್ನು ಅವಳು ಕಂಡಿರಲಿಲ್ಲ. ತನ್ನ ಮೊಮ್ಮಗನೇ ತಪ್ಪುಮಾಡಿದನೆಂದು ಅವಳೂ ಬಗ್ಗಿದಳು. ಸುಟ್ಟ ಗೆಣಸನ್ನು ಮಣ್ಣಂಟಿದ ಕೈಯಿಂದಲೇ ಸುಲಿದು ನನಗೆ ಕೊಟ್ಟಳು. ನಾನು ಅದನ್ನು ತಿಂದೆನು. ಹುಡುಗನು ಮೂಲೆಯಲ್ಲಿ ಕುಳಿತಿದ್ದನು. ಅವನ ಬಳಿಗೆ ಹೋಗಿ ಕುಳಿತು, ಕಷ್ಟಪಟ್ಟು ಬಾಯಿಪಾಠಮಾಡಿದ್ದ ಒಂದು ಕೊರಿಯನ್ ವಾಕ್ಯದಲ್ಲಿ ಕ್ಷಮೆ ಕೇಳಿದೆನು. ಅವನು ತಲೆಯಾಡಿಸಿದನು. ಅದು ಕ್ಷಮೆಯೋ ದಾಕ್ಷಿಣ್ಯವೋ ಎಂಬುದನ್ನು ನಾನು ಇಂದಿಗೂ ನಿರ್ಧರಿಸಲಾರೆ.

ಆಮೇಲೆ ಮಾಡಿದ್ದು ಬಹಳ ಸಣ್ಣ ಕೆಲಸ. ಮಕ್ಕಳು ಏಕೆ ಕೈ ತೊಳೆಯುವುದಿಲ್ಲವೆಂದು ಒಂದು ವರ್ಷದ ಮೇಲೆ ಮೊದಲ ಸಲ ಕೇಳಿದೆನು. "ನೀರು ತಣ್ಣಗೆ" ಎಂದರು. ನಾನೇ ಹೋಗಿ ಕೈಯನ್ನು ಒಡ್ಡಿ ನೋಡಿದೆನು. ಮಾರ್ಚಿ ಕಳೆದಿದ್ದರೂ ಆ ನೀರು ಚೇಳಿನಂತೆ ಕುಟುಕಿತು. ಬಿಸಿನೀರಿನ ನಲ್ಲಿ ಊಟದ ಮನೆಯ ಬಳಿ ಮಾತ್ರ ಇತ್ತು. ಊಟಕ್ಕೆ ಮುಂಚೆ ತರಗತಿಯೆಲ್ಲ ಅಲ್ಲಿಗೆ ಹೋಗುವಂತೆ ಏರ್ಪಾಡಾಯಿತು. ಮೊದಲು ಉಪಾಧ್ಯಾಯರು, ಆಮೇಲೆ ಮಕ್ಕಳು. ಅಂಗೈ, ಮುಂಗೈ, ಬೆರಳ ಸಂದು, ಉಗುರು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಮೂವತ್ತು ಎಣಿಸುವಷ್ಟು ಹೊತ್ತು ತೊಳೆಯುವುದು. ಅದೇ ಅಂದಿನ ಭಾಷಾಪಾಠ. ತರಗತಿಯ ಮೂಲೆಯಲ್ಲಿ ಕಾಗದದ ಒರಸುಗಳ ಪೆಟ್ಟಿಗೆ, ಅದರ ಪಕ್ಕದಲ್ಲಿ ಮುಚ್ಚಳದ ಬುಟ್ಟಿ. ಯಾರನ್ನೂ ಕೇಳದೆ ಎದ್ದುಹೋಗಿ, ಗೋಡೆಯ ಕಡೆಗೆ ತಿರುಗಿ ಮೂಗನ್ನು ಒರಸಿಕೊಂಡು ಬರಬಹುದು. ನಾನೂ ನನ್ನ ಕರವಸ್ತ್ರವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಅವರಂತೆಯೇ ಮೂಲೆಗೆ ಹೋಗಿಬರತೊಡಗಿದೆನು. ಗೋಡೆಯ ಕಡೆಗೆ ತಿರುಗುವುದು ಅವಮಾನವಾಗಿದ್ದದ್ದು ಹೀಗೆ ಮರ್ಯಾದೆಯಾಯಿತು.

ಆ ಹುಡುಗನನ್ನು ಸಾಬೂನಿನ ಯಜಮಾನನನ್ನಾಗಿ ಮಾಡೋಣವೆಂದು ನಾನು ಉತ್ಸಾಹದಿಂದ ಹೇಳಿದಾಗ ಸಹೋಪಾಧ್ಯಾಯಿನಿ ಬೇಡವೆಂದರು. "ಅವನನ್ನು ಎಲ್ಲರ ಕಣ್ಣಿಗೂ ಮತ್ತೆ ಏಕೆ ತೋರಿಸುತ್ತೀರಿ? ಸರದಿಯ ಪಟ್ಟಿಯಲ್ಲಿ ಅವನ ಹೆಸರೂ ಒಂದಾಗಿರಲಿ" ಎಂದರು. ದಯೆಯೂ ಬೊಟ್ಟುಮಾಡಿ ತೋರಿಸುವ ಬೆರಳಾಗಬಹುದೆಂಬುದು ಮೂವತ್ತು ದಾಟದ ಆ ಹೆಣ್ಣುಮಗಳಿಗೆ ಗೊತ್ತಿತ್ತು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಕೈ ತೊಳೆಯುವ ಅಭ್ಯಾಸ ಬಂದಿತು. ಕೆಮ್ಮು ತೋಳಿನ ಮಡಿಕೆಯೊಳಕ್ಕೆ ಸರಿಯಿತು. ಹುಡುಗನೂ ಶಾಲೆಗೆ ಬಂದನು. ಆದರೆ ನಾನಿಟ್ಟ ಆ ಹೆಸರು ಹೋಗಲಿಲ್ಲ. 2014ರ ಫೆಬ್ರವರಿಯಲ್ಲಿ ನಾನು ಹೊರಡುವ ವಾರದಲ್ಲಿಯೂ ಅಂಗಳದಲ್ಲಿ ಯಾರೋ ಅವನನ್ನು ಹಾಗೆ ಕೂಗಿದ್ದು ನನ್ನ ಕಿವಿಗೆ ಬಿದ್ದಿತು. ಕೈಯ ಕೊಳೆಯನ್ನು ಮೂವತ್ತು ಎಣಿಸುವುದರೊಳಗೆ ತೊಳೆಯಬಹುದು. ಬಾಯಿಂದ ಬಿದ್ದದ್ದನ್ನು ತೊಳೆಯುವ ನೀರನ್ನು ನಾನು ಕಂಡಿಲ್ಲ.

ನಾನು ಹಿಂತಿರುಗಿದ ಮೇಲೆ 2015ರಲ್ಲಿ ಆ ದೇಶಕ್ಕೆ ಮರ್ಸ್ ಎಂಬ ಶ್ವಾಸರೋಗವು ಬಂದು 186 ಜನಕ್ಕೆ ತಗುಲಿ 38 ಜನರನ್ನು ಕೊಂಡೊಯ್ದಿತು. ಎಷ್ಟೋ ಶಾಲೆಗಳು ಬಾಗಿಲು ಹಾಕಿದವು. 2020ರಲ್ಲಿ ಕೋವಿಡ್ ಬಂದು ಲೋಕಕ್ಕೆಲ್ಲ ಕೈ ತೊಳೆಯುವುದನ್ನು ಕಲಿಸಿತು. ಆದುದರಿಂದ ಶೌಚವು ಅಲ್ಪ ವಿಷಯವೆಂದು ನಾನು ಹೇಳುತ್ತಿಲ್ಲ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಬಾಣಂತಿಯರನ್ನು ಮುಟ್ಟುವ ಮುಂಚೆ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. ನೂರಕ್ಕೆ ಹತ್ತಕ್ಕೂ ಹೆಚ್ಚಾಗಿದ್ದ ಸಾವು ಮರುವರ್ಷ ಎರಡಕ್ಕಿಂತ ಕೆಳಗಿಳಿಯಿತು. ಆದರೂ ಅವನ ಕಾಲದ ಪಂಡಿತರು ಬಹುಮಂದಿ ಅದನ್ನು ಒಪ್ಪಲಿಲ್ಲ. ಅವನೂ ಕಡೆಕಡೆಗೆ ಅವರನ್ನು ಕೊಲೆಗಡುಕರೆಂದು ಬಹಿರಂಗಪತ್ರಗಳಲ್ಲಿ ಜರೆದನು. ಸತ್ಯವು ಅವನ ಕಡೆಗೇ ಇತ್ತು. ಬೈಗುಳದಿಂದ ಅದು ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ.

ಇಷ್ಟನ್ನೂ ನಾನು ಆ ದಿನ ಸೊಸೆಗೆ ಹೇಳಲಿಲ್ಲ. ನೆಂಟರು ಮಾತಿಗೆ ತೊಡಗಿದ ಮೇಲೆ ಎದ್ದು, ಗೋಡೆಯ ಕಡೆಗೆ ತಿರುಗಿದ್ದ ಮೊಮ್ಮಗನನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆನು. "ನನ್ನ ಕೈ ಕೊಳೆಯಾಗಿದೆ, ಸ್ವಲ್ಪ ನೀರು ಬಿಡಪ್ಪ" ಎಂದೆನು. ಅವನು ನಲ್ಲಿಯನ್ನು ತಿರುಗಿಸಿದನು. ನಾನು ಮೂವತ್ತು ಎಣಿಸುತ್ತ ತೊಳೆದುಕೊಂಡೆನು. ಹದಿನೈದರ ಹೊತ್ತಿಗೆ ಅವನ ಕೈಯೂ ನನ್ನ ಕೈಯ ಕೆಳಗೆ ಬಂದಿತ್ತು.