ತಂಗುದಾಣದ ಲೆಕ್ಕ ಬಗೆಹರಿಯುತ್ತಿಲ್ಲ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರೆಲ್ಲ ಅದರ ಜೊತೆಗೆ ನೂರಕ್ಕೆ 3ರಂತೆ ಭಿಕ್ಷುಕರ ಸೆಸ್ ಕೂಡ ಕಟ್ಟುತ್ತೇವೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬಂದ ಸೆಸ್ ಇದು. ಪಾಲಿಕೆ ವಸೂಲಿ ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕೊಡಬೇಕು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂಥವು ನಡೆಯುವುದು ಈ ದುಡ್ಡಿನಲ್ಲಿ. ಬೇಡುವವರನ್ನು ಹಿಡಿದು ತಂದು ಇರಿಸುವ ಕೇಂದ್ರಗಳವು. ಸರಿ, ದಿನವಿಡೀ ಮೂಟೆ ಹೊತ್ತು, ರಾತ್ರಿ ತಲೆ ಇಡಲು ಜಾಗವಿಲ್ಲದವನಿಗೆ ಈ ಸೆಸ್ಸಿನಿಂದ ಏನು ಸಿಗುತ್ತದೆ? ಅವನು ಯಾರ ಮುಂದೆಯೂ ಕೈಚಾಚುವುದಿಲ್ಲವಲ್ಲ.

*

ಕೆ.ಆರ್. ಮಾರುಕಟ್ಟೆಯ ಸುತ್ತ ಅಂಗಡಿಗಳ ಷಟರ್ ಇಳಿದ ಮೇಲೆ ಹಮಾಲಿಗಳು ರಟ್ಟು ಹಾಸುತ್ತಾರೆ. ಚಪ್ಪಲಿಯನ್ನು ಕವರಿಗೆ ಹಾಕಿ ತಲೆಯಡಿ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಬೆಳಗ್ಗೆ ಇರುವುದಿಲ್ಲ. ದುಡ್ಡು ಒಳಜೇಬಿನಲ್ಲಿ, ಬೋರಲು ಮಲಗಿದರೆ ಭದ್ರ. ಬೆಳಕು ಹರಿಯುವ ಮೊದಲೇ ಹೂವಿನ ಲಾರಿ ಬರುತ್ತದೆ. ಮನೆಯಿಲ್ಲದವರಿಗೆಂದು ಇರುವ ತಂಗುದಾಣಕ್ಕೆ ಯಾಕೆ ಹೋಗುವುದಿಲ್ಲ ಎಂದು ಒಬ್ಬರನ್ನು ಕೇಳಿದೆ. “ಅಲ್ಲಿಂದ ನಡ್ಕೊಂಡು ಬರೋಷ್ಟರಲ್ಲಿ ಲೋಡು ಬೇರೆಯವರ ಪಾಲಾಗಿರುತ್ತೆ ಸಾರ್” ಅಂದರು.

ತಂಗುದಾಣ ಎಲ್ಲಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಪಾಲಿಕೆಯ ಯಾವುದೋ ಕಟ್ಟಡ ಖಾಲಿ ಇದೆಯೆಂದು ಅಲ್ಲಿ ಮಂಚ ಹಾಕಿದರೆ ಮಂಚವೂ ಖಾಲಿಯೇ ಉಳಿಯುತ್ತದೆ. ಆಮೇಲೆ “ಜನರೇ ಬರುವುದಿಲ್ಲ” ಎಂದು ಕಡತದಲ್ಲಿ ಬರೆಯುತ್ತಾರೆ. ಇದು ಅನ್ಯಾಯ.

*

ಒಂದು ಲಕ್ಷ ನಗರವಾಸಿಗಳಿಗೆ ನೂರು ಜನ ಉಳಿಯುವಂಥ ಒಂದು ಕಾಯಂ ತಂಗುದಾಣ, ದಿನದ 24 ಗಂಟೆಯೂ ತೆರೆದಿರಬೇಕು. ಇದು 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮ. ಇದರ ಹಿಂದೆ 2010ರ ಸುಪ್ರೀಂ ಕೋರ್ಟ್ ಆದೇಶಗಳಿವೆ. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ, ಅಂದರೆ ಆಗಲೇ 84 ತಂಗುದಾಣ ಬೇಕಿತ್ತು. ಊರು ಅಷ್ಟೊಂದು ಬೆಳೆದ ಮೇಲೂ ಆ ಲೆಕ್ಕ ಮುಟ್ಟಿಲ್ಲ.

ಅದೇ ಗಣತಿಯಲ್ಲಿ ಮನೆಯಿಲ್ಲದವರನ್ನು 28 ಫೆಬ್ರುವರಿ ರಾತ್ರಿ ಎಣಿಸಿದರು. ಕರ್ನಾಟಕದಲ್ಲಿ ಸಿಕ್ಕವರು 76 ಸಾವಿರ ಚಿಲ್ಲರೆ. ರಾತ್ರಿಯೇ ಕೆಲಸ ಮಾಡಿ ಹಗಲು ಮಲಗುವವರು ಆ ಎಣಿಕೆಯಲ್ಲಿ ಸೇರಿದರೋ ಇಲ್ಲವೋ?

*

ಖರ್ಚಿನ ಬಾಬತ್ತು ನೋಡಿದಾಗ ದಂಗಾದೆ. ಅಭಿಯಾನದ ಮಾನದಂಡದಲ್ಲಿ 50 ಜನರ ತಂಗುದಾಣ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ ಇತ್ತು. ಭಾಗಿಸಿದರೆ ತಲೆಗೆ ತಿಂಗಳಿಗೆ ಸಾವಿರ, ದಿನಕ್ಕೆ 33 ರೂಪಾಯಿ. ಅಷ್ಟರಲ್ಲೇ ಮೇಲ್ವಿಚಾರಕರ ಸಂಬಳ, ನೀರು, ಕರೆಂಟು, ಶೌಚಾಲಯ ತೊಳೆಯುವ ಕೆಲಸ, ಹಾಸಿಗೆ ಒಗೆತ. ಅದೂ ಐದು ವರ್ಷದ ಮಟ್ಟಿಗೆ. ಆಮೇಲಿನ ದುಡ್ಡು ಊರಿನ ಹೊಣೆ. ಅನುದಾನ ತಡವಾದರೆ ಮೊದಲು ನಿಲ್ಲುವುದು ಮೇಲ್ವಿಚಾರಕರ ಸಂಬಳ. ಅವರು ಬಿಟ್ಟುಹೋದರೆ ರಾತ್ರಿ ಬಾಗಿಲು ತೆಗೆಯುವವರು ಯಾರು?

*

ಇನ್ನೊಂದು, ನನ್ನನ್ನು ಹೆಚ್ಚು ಕಾಡುವುದು. ಇರುವ ಮನೆ ಕೈತಪ್ಪದಂತೆ ನೋಡಿಕೊಳ್ಳಲು ಎಷ್ಟು ದುಡ್ಡು ಇಟ್ಟಿದ್ದೇವೆ?

2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಜಾಗದಿಂದ ಸಾವಿರಕ್ಕೂ ಮಿಕ್ಕಿದ ಕುಟುಂಬಗಳನ್ನು ಎಬ್ಬಿಸಿದರು. ಜೆಸಿಬಿ ಹೋದ ಮೇಲೆ ಎಷ್ಟೋ ಜನ ಅಲ್ಲೇ ಪಕ್ಕದ ಫುಟ್‌ಪಾತಿನಲ್ಲಿ ಟಾರ್ಪಾಲು ಕಟ್ಟಿಕೊಂಡರು. ಅವರು ಎಲ್ಲಿಂದಲೋ ಬಂದ ನಿರಾಶ್ರಿತರಲ್ಲ, ಊರೇ ಬೀದಿಗೆ ಹಾಕಿದವರು. ಮನೆ ಕೆಡವಲು ಪೊಲೀಸ್ ಬಂದೋಬಸ್ತ್ ಸಿದ್ಧವಾಗುವ ಊರಿನಲ್ಲಿ, ಅದೇ ರಾತ್ರಿ ಆ ಮಕ್ಕಳು ಮಲಗುವುದೆಲ್ಲಿ ಎಂಬ ಏರ್ಪಾಡು ಯಾಕಿರುವುದಿಲ್ಲ?

ಬಾಡಿಗೆಯವರ ಕಷ್ಟ ಬೇರೆ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದೇ ರೂಢಿ. ದುಡಿಯುವವರು ಹಾಸಿಗೆ ಹಿಡಿದರೆ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿಯುತ್ತಾ ಹೋಗುತ್ತದೆ, ಅದು ಮುಗಿದ ದಿನ ಪಾತ್ರೆ ಹೊರಗೆ. ಆ ಹಂತದಲ್ಲಿ ಎರಡು ಮೂರು ತಿಂಗಳ ಬಾಡಿಗೆ ನೆರವು ಸಿಕ್ಕರೆ ಸಂಸಾರ ಉಳಿಯುತ್ತದೆ, ಮಕ್ಕಳ ಶಾಲೆ ತಪ್ಪುವುದಿಲ್ಲ. ಇಂಥ ನೆರವಿಗೆ ನಗರದ ಬಜೆಟ್‌ನಲ್ಲಿ ಕಾಯಂ ಬಾಬತ್ತು ಬೇಕು.

*

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ, ಬಜೆಟ್ಟೂ ಐದು. ಈ ಸಲ ತೆರಿಗೆ ಕಟ್ಟಿದ ಮೇಲೆ ರಸೀದಿ ಹಿಡಿದು ನಿಮ್ಮ ಪಾಲಿಕೆ ಕಚೇರಿಗೆ ಹೋಗಿ ಕೇಳಿ: ನಮ್ಮ ವಾರ್ಡಿನಲ್ಲಿ ತಂಗುದಾಣ ಎಲ್ಲಿದೆ, ಅದಕ್ಕೆ ಈ ವರ್ಷ ಎಷ್ಟು ದುಡ್ಡು ಇಟ್ಟಿದ್ದೀರಿ, ನಾವು ಕಟ್ಟಿದ ಸೆಸ್ಸಿನ ಹಣ ಎಲ್ಲಿಗೆ ಹೋಯಿತು? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.