ಕಾಂಕ್ರೀಟಿನೊಳಗಣ ಅಚೌರ್ಯ

ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಗಟ್ಟಲೆ ಅಪೂರ್ಣವಾಗಿ ನಿಂತದ್ದನ್ನು ಆ ಊರಿನವರು ಮರೆತಿಲ್ಲ. 2017ರಲ್ಲಿ ಬ್ರಹ್ಮಾವರ ಸಮೀಪದ ಸಾಸ್ತಾನದಲ್ಲಿ ಹೆದ್ದಾರಿ ಸುಂಕದ ವಸೂಲಿ ತೊಡಗಿದಾಗಲೂ ಅದು ಮುಗಿದಿರಲಿಲ್ಲ, ಜನ ಪ್ರತಿಭಟಿಸಿದರು. ಬೈಂದೂರಿನ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಸೀಳಿದ ಮೇಲೆ ಮಳೆಗಾಲದಲ್ಲಿ ಮಣ್ಣು ರಸ್ತೆಗೆ ಜಾರಿತು. ಇವೆಲ್ಲ ಕಣ್ಣಿಗೆ ಬಿದ್ದ ಸಂಗತಿಗಳು, ಕಂಡದ್ದನ್ನು ಕೇಳುವವರುಂಟು. ಕಾಣದೆ ಉಳಿಯುವ ದೋಷದ ಮಾತೇ ಬೇರೆ.

ಮೋರಿಯಾಗಲಿ ಸೇತುವೆಯಾಗಲಿ, ಕಾಂಕ್ರೀಟು ಸುರಿದೊಡನೆ ಒಳಗಿನ ಕಬ್ಬಿಣ ಮರೆಯಾಗುತ್ತದೆ. ಸರಳುಗಳ ಸಂಖ್ಯೆ ಕಡಿಮೆಯಿತ್ತೇ, ಸಿಮೆಂಟು ತಗ್ಗಿತ್ತೇ, ತೊಳೆಯದ ಉಪ್ಪುಮರಳು ಬೆರೆಯಿತೇ ಎಂಬುದನ್ನು ಬಲ್ಲವರು ಇಬ್ಬರೋ ಮೂವರೋ. ಉಪ್ಪಿನಂಶ ಸರಳಿಗೆ ತುಕ್ಕು ಹಿಡಿಸುತ್ತದೆ; ತುಕ್ಕು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿ, ಸಹಿ ಹಾಕಿದವರಿಗೆ ವರ್ಗವಾಗಿರುತ್ತದೆ. 150 ಮಿ.ಮೀ. ಅಳತೆಯ ಕ್ಯೂಬುಗಳನ್ನು ಎರೆದು, 28 ದಿನಗಳ ಬಳಿಕ ಒಡೆದು ಬಲವನ್ನು ಪರೀಕ್ಷಿಸುವ ನಿಯಮವೇನೋ ಇದೆ. ಆದರೆ ಕ್ಯೂಬಿಗೆ ಒಂದು ಮಿಶ್ರಣ, ಅಡಿಪಾಯಕ್ಕೆ ಮತ್ತೊಂದು ಮಿಶ್ರಣವಾದರೆ ಪಾಪ, ಆ ಯಂತ್ರವೇನು ಮಾಡೀತು?

ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಕೇಳಿದ ಶ್ರಾವಕರಿಗೆ ಈ ಅತಿಚಾರಗಳ ಹೆಸರು ಹೊಸತಲ್ಲ. ಅಳತೆ ಪುಸ್ತಕದಲ್ಲಿ ಇಲ್ಲದ ಕೆಲಸವನ್ನು ಬರೆಯುವುದು ಕೂಟಲೇಖಕ್ರಿಯೆ. ಅದು ಸತ್ಯಾಣುವ್ರತಕ್ಕೆ ಕಳಂಕ. ಕಡಿಮೆ ಸುರಿದು ಹೆಚ್ಚಿನ ಲೆಕ್ಕ ಕೊಡುವುದು ಹೀನಾಧಿಕಮಾನೋನ್ಮಾನ, ಕಲಬೆರಕೆ ಪ್ರತಿರೂಪಕವ್ಯವಹಾರ. ಇವೆರಡೂ ಅಚೌರ್ಯಾಣುವ್ರತದ ಅತಿಚಾರಗಳು. ಅಂಗಡಿಯ ತಕ್ಕಡಿಗೆ ಹೇಳಿದಂತೆ ತೋರುವ ಮಾತುಗಳು ಗುತ್ತಿಗೆಯ ಕಡತಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತವೆ. ಇಷ್ಟರವರೆಗೆ ಎಲ್ಲರೂ ತಲೆದೂಗುತ್ತಾರೆ. ಅಚೌರ್ಯದ ಅದೇ ಪಟ್ಟಿಯಲ್ಲಿ ತದಾಹೃತಾದಾನವೂ ಇದೆ: ಕಳ್ಳನು ತಂದುದನ್ನು ಸ್ವೀಕರಿಸುವುದು. ಅಲ್ಲಿಗೆ ಬಂದಾಗ ಮಾತ್ರ ಸಭೆಯಲ್ಲಿ ದನಿ ತಗ್ಗುತ್ತದೆ.

ಏಕೆಂದರೆ ಬಸದಿಯ ಮಾಡು ಸೋರುತ್ತಿರುತ್ತದೆ, ನಿಧಿಯಲ್ಲಿ ಹಣವಿರುವುದಿಲ್ಲ. ಆಗ ಗುತ್ತಿಗೆದಾರರೊಬ್ಬರು ದೊಡ್ಡ ಮೊತ್ತದ ಚೆಕ್ಕು ಹಿಡಿದು ಬರುತ್ತಾರೆ. ಪ್ರಾಮಾಣಿಕ ಗುತ್ತಿಗೆದಾರರು ಇಲ್ಲದಿಲ್ಲ. ಅವರ ದಾನ ಪೂಜ್ಯವೇ. ಆದರೆ ಬಂದವರ ಕಾಮಗಾರಿ ಎರಡು ಮಳೆಗಾಲ ತಾಳಲಿಲ್ಲವೆಂದು ಸಮಿತಿಗೆ ಗೊತ್ತಿದ್ದರೆ? ಕೇಳಿದರೆ ದಾನಿಗೆ ನೋವಾದೀತು ಎನ್ನುತ್ತಾರೆ. ಫಲಕದಲ್ಲಿ ಹೆಸರು ಕೆತ್ತಿಸುತ್ತಾರೆ. ಬಾರ್ಕೂರಿನ ಕತ್ತಲೆ ಬಸದಿಗೆ ಕಲ್ಲು ಹೊತ್ತವರ ಹೆಸರನ್ನು ಬಲ್ಲವರಿಲ್ಲ; ಆ ಕಲ್ಲು ಮಾತ್ರ ಇನ್ನೂ ನಿಂತಿದೆ.

ಅದೇ ಟ್ರಸ್ಟು ತನ್ನ ಸಭಾಭವನಕ್ಕೆ ಕಾಂಕ್ರೀಟು ಹಾಕಿಸುವ ದಿನ, ಸದಸ್ಯರೊಬ್ಬರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನಿಂತು ಸಿಮೆಂಟಿನ ಚೀಲಗಳನ್ನು ಎಣಿಸುತ್ತಾರೆ. ಗೇಟಿನ ಹೊರಗೆ, ಮಕ್ಕಳು ಶಾಲೆಗೆ ದಾಟುವ ಮೋರಿಯ ಚೀಲಗಳನ್ನು ಎಣಿಸಲು ಯಾರೂ ನಿಂತಿರುವುದಿಲ್ಲ.