ಆಸಾಡಿಯಲ್ಲಿ ಹೊರಟ ಬೋಟು

“ಕಡಲು ನಮ್ಮ ಮನೆ ಹಿತ್ತಲು ಸಾರ್, ಕಣ್ಣು ಮುಚ್ಚಿ ಬರೆದುಕೊಡ್ತೇನೆ” ಅಂದಿದ್ದೆ. ಆದದ್ದೂ ಹಾಗೇ. ಕಣ್ಣು ಮುಚ್ಚಿಯೇ ಬರೆದೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬೆಂಗಳೂರಿನಲ್ಲಿ ಒಂದು ದೈನಿಕ ಧಾರಾವಾಹಿಗೆ ಚಿತ್ರಕಥೆ, ಸಂಭಾಷಣೆ ಬರೆಯುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ನಿರ್ದೇಶಕರ ಕುರ್ಚಿಯಲ್ಲೂ ಕೂರಿಸುತ್ತಿದ್ದರು. ತ್ರಾಸಿಯಿಂದ ಹೊರಡುವಾಗ ಮನಸ್ಸಿನಲ್ಲಿದ್ದದ್ದು ಒಂದೇ, ಇನ್ನೊಬ್ಬ ಟಿ.ಎನ್. ಸೀತಾರಾಮ್ ಆಗಬೇಕು. 1998ರಲ್ಲಿ ಚಂದನದಲ್ಲಿ ‘ಮಾಯಾಮೃಗ’ ಬರುವ ಹೊತ್ತಿಗೆ ನಮ್ಮ ಜಗಲಿ ಅಕ್ಕಪಕ್ಕದವರಿಂದ ತುಂಬುತ್ತಿತ್ತು. ಉಳಿದವರು ಕಥೆ ನೋಡಿದರೆ ನಾನು ಹೆಸರು ನೋಡುತ್ತಿದ್ದೆ: ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ. ಆ ಸಾಲಿನಲ್ಲಿ ನಾಲ್ಕನೆಯ ಹೆಸರಿಗೆ ಜಾಗ ಎಷ್ಟಿದೆ ಎಂದು ಅಳೆಯುತ್ತಿದ್ದೆ.

ಧಾರಾವಾಹಿಯ ಕೆಲಸ ಹೊರಗಿನವರು ತಿಳಿದಂತಲ್ಲ. ರಾತ್ರಿ ಬರೆದ ಹಾಳೆ ಬೆಳಿಗ್ಗೆ ಏಳಕ್ಕೆ ಸೆಟ್ಟಿಗೆ ಮುಟ್ಟಬೇಕು. ನಟರಿಗೆ ಬಾಯಿಪಾಠಕ್ಕೆ ಪುರುಸೊತ್ತಿಲ್ಲ. ಕ್ಯಾಮೆರಾದ ಬದಿಯಲ್ಲಿ ನಿಂತ ಹುಡುಗ ಒಂದೊಂದೇ ಮಾತು ಪ್ರಾಂಪ್ಟ್ ಮಾಡುತ್ತಾನೆ. ಇಪ್ಪತ್ತೆರಡು ನಿಮಿಷ ಹೇಗೋ ತುಂಬಿಸಿ, ಕೊನೆಗೆ ಒಂದು ಮುಖವನ್ನು ಗಕ್ಕನೆ ನಿಲ್ಲಿಸಿದರೆ ಆ ದಿನ ಗೆದ್ದಂತೆ. ಟಿಆರ್‌ಪಿ ಇಳಿದ ವಾರ ಯಾರನ್ನಾದರೂ ಸಾಯಿಸಬೇಕು. ಅಂಥ ಒಂದು ವಾರದಲ್ಲೇ ನಾನು ಹಿತ್ತಲಿನ ಮಾತಾಡಿದ್ದು.

ಕಥೆ ಹೀಗೆ: ಆಸಾಡಿಯ ರಾತ್ರಿ. ಗಾಳಿ, ಮಳೆ, ಸಿಡಿಲು. ನಾಯಕಿಯ ತಮ್ಮ ಹಟ ಹಿಡಿದು ಟ್ರಾಲ್ ಬೋಟಿನಲ್ಲಿ ಕಡಲಿಗೆ ಹೊರಡುತ್ತಾನೆ. ಬೋಟು ಬರುವುದಿಲ್ಲ. ತಾಯಿ ಲಾಟೀನು ಹಿಡಿದು ದಡದಲ್ಲಿ ಕಡಲನ್ನೇ ಶಪಿಸುತ್ತಾಳೆ. ಶಾಪವೇ ಎರಡು ಪುಟ. ಬರೆದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಗಿತ್ತು ಎಂದರೆ ಉಳಿದದ್ದು ನೀವೇ ಊಹಿಸಿ.

ಮಾರ್ಚಿನಲ್ಲಿ ಕೋಡಿಯ ಮರಳಲ್ಲಿ ಶೂಟಿಂಗ್. ಟ್ಯಾಂಕರಿನಿಂದ ಮಳೆ, ದೊಡ್ಡ ಫ್ಯಾನಿನಿಂದ ಗಾಳಿ. ಬಾಡಿಗೆಗೆ ಬಂದ ಬೋಟಿನವರು ಬದಿಗೆ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬರು ಮೆಲ್ಲಗೆ ಕೇಳಿದರು, “ಇದ್ ಯಾವ ತಿಂಗ್ಳ್ ಕಥೆ ಸಾರ್?”

“ಆಸಾಡಿ” ಅಂದೆ, ಊರಿನ ಶಬ್ದ ನನಗೂ ಗೊತ್ತು ಎಂಬ ಗತ್ತಿನಲ್ಲಿ.

ಅವರು ನನ್ನನ್ನೊಮ್ಮೆ, ಬೋಟನ್ನೊಮ್ಮೆ ನೋಡಿದರು. “ಅಡ್ಡಿಲ್ಲ” ಅಂದರು. ನಮ್ಮ ಕಡೆಯ ‘ಅಡ್ಡಿಲ್ಲ’ಕ್ಕೆ ನೂರು ಅರ್ಥ. ನಾನು ಹೊಗಳಿಕೆಯ ಅರ್ಥ ಹಿಡಿದುಕೊಂಡೆ.

ಆ ಕಂತು ಪ್ರಸಾರವಾದದ್ದು ಮಳೆಗಾಲದಲ್ಲಿ. ರಜೆ ಹಾಕಿ ಊರಿಗೆ ಹೋದೆ, ಕೇರಿಗೆಲ್ಲ ಹೇಳಿಸಿ ಜಗಲಿ ತುಂಬಿಸಿದೆ. ತಮ್ಮ ಬೋಟು ಹತ್ತಿದ್ದೇ ತಡ, ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ಒಂದು ನಗೆ. ಆಮೇಲೆ ಇನ್ನೊಂದು. ಸಿಡಿಲು ಬಡಿಯುವಾಗ ಜಗಲಿಗೆ ಜಗಲಿಯೇ ನಗುತ್ತಿತ್ತು. ಮರುದಿನ ಚಾ ಹೋಟೆಲಿನಲ್ಲಿ ಗ್ಲಾಸು ಇಡುತ್ತ ಕೇಳಿದರು: “ಹ್ವಾಯ್, ನಿಮ್ ಬೋಟ್ ಯಾವ ಬಂದ್ರಿಂದ ಹೊರಟದ್ದ್ ಮಾರಾಯ್ರೆ?”

ಆಗ ಹೊಳೆಯಿತು. ಮಳೆಗಾಲದಲ್ಲಿ ಟ್ರಾಲ್ ಬೋಟು ಕಡಲಿಗಿಳಿಯುವುದೇ ಇಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಆಗ ದಿನ ತುಸು ಕಡಿಮೆ, ಅಷ್ಟೆ. ಐದು ಹೊಳೆ ಕೂಡಿ ಕಡಲು ಸೇರುವ ಗಂಗೊಳ್ಳಿಯಲ್ಲಿ ಆ ದಿನಗಳಲ್ಲಿ ಬೋಟುಗಳು ತೆಂಗಿನ ಮಡಲು ಹೊದ್ದು ಸಾಲಾಗಿ ಮಲಗಿರುತ್ತವೆ, ಗಂಡಸರು ಬಲೆ ಸರಿಮಾಡುತ್ತ ಕೂತಿರುತ್ತಾರೆ. ತೆರೆ ಇಳಿದ ದಿನ ನೋಡಿ ಹೊರಡುವುದು ನಾಡದೋಣಿ ಮಾತ್ರ. ಶಾಲೆಗೆ ಹೋಗುವಾಗ ಮಳೆ ಬಂದರೆ ನಾನು ನುಸುಳುತ್ತಿದ್ದದ್ದೇ ಆ ಮಡಲಿನ ಅಡಿಗೆ. ಅಂಥವನು ಆಸಾಡಿಯಲ್ಲಿ ಬೋಟು ಬಿಟ್ಟಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಗೆಪಾಟಲು, ಮರೆಯಬಹುದಿತ್ತು. ಆದರೆ ಜಗಲಿಯಲ್ಲಿ ನಗದವರು ಒಬ್ಬರಿದ್ದರು, ನೆರೆಮನೆಯ ಅಜ್ಜಿ. ಹೊರಡುವ ದಿನ ಹೇಳಿ ಬರಲು ಹೋದಾಗ ಮಜ್ಜಿಗೆ ಕೊಟ್ಟು, ನನ್ನ ಮುಖ ನೋಡದೆ ಅಂದರು, “ಅವತ್ತ್ ಗಾಳಿಯೇ ಇಲ್ಲ ಮಗಾ. ಕಡ್ಲ್ ಎಣ್ಣಿ ಹಾಂಗಿತ್ತ್.”

ಅವರ ಮಗ ಹೋದದ್ದು ಅಳಿವೆಯಲ್ಲಿ, ಬಿಸಿಲು ಫಳಫಳಿಸುವ ಒಂದು ಮಧ್ಯಾಹ್ನ. ನಾನಾಗ ಏಳನೇ ಕ್ಲಾಸು. ಸುದ್ದಿ ತಂದವರ ಹಿಂದೆ ಓಡಿದ ಮಕ್ಕಳಲ್ಲಿ ನಾನೂ ಒಬ್ಬ. ಅಜ್ಜಿ ಮರಳ ಮೇಲೆ ಒಣಗಲು ಹಾಕಿದ್ದ ಮೀನು ಮಗುಚುತ್ತಿದ್ದರು. ಸುದ್ದಿ ಕೇಳಿದರು. ಕೂಗಲಿಲ್ಲ. ಮೀನನ್ನೆಲ್ಲ ಒಂದೊಂದಾಗಿ ಹೆಕ್ಕಿ ಹೆಡಿಗೆಗೆ ತುಂಬಿದರು. ಕಾಗೆ ಓಡಿಸಿದರು. ಹೆಡಿಗೆಯ ಮೇಲೆ ಗೋಣಿ ಮುಚ್ಚಿದರು. ಆಮೇಲೆ ಅದರ ಪಕ್ಕ ಕೂತರು.

ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಬರೆಯುವಾಗ ಇದರಲ್ಲಿ ಒಂದೂ ನೆನಪಾಗಲಿಲ್ಲ. ತಾಯಿಯ ದುಃಖ ಎಂದೊಡನೆ ಲಾಟೀನು ಬಂತು, ಸಿಡಿಲು ಬಂತು, ಎರಡು ಪುಟ ಶಾಪ ಬಂತು. ಅವೆಲ್ಲ ಎಲ್ಲಿಂದ ಬಂದವು ಎಂದು ಈಗ ಗೊತ್ತು: ಬೇರೆ ಧಾರಾವಾಹಿಗಳಿಂದ. ನನ್ನೂರಿನ ಕಥೆ ಬರೆಯುತ್ತೇನೆಂದು ಕೂತು ಟೀವಿಯ ಊರಿನ ಕಥೆ ಬರೆದಿದ್ದೆ.

ಸೀತಾರಾಮ್ ಅವರ ಕೋರ್ಟ್ ದೃಶ್ಯಗಳನ್ನು ನಾನು ಮೊದಲು ಮೆಚ್ಚಿದ್ದು ಮಾತಿನ ಓಟಕ್ಕೆ. ಅವರು ಕಾನೂನು ಓದಿ ವಕೀಲಿ ಮಾಡಿದವರು ಎಂಬುದು ಗೊತ್ತಿತ್ತು. ಮಾತು ನಿಲ್ಲಿಸಿ ಸಾಕ್ಷಿಯ ಮುಖ ನೋಡುವ ಆ ಗಳಿಗೆ ಅಲ್ಲಿಂದ ಬಂದದ್ದಿರಬೇಕು ಎಂದು ತಡವಾಗಿ ಅನ್ನಿಸಿತು. 2008ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಬಂತು. ಕುಂದಾಪುರದ ವೈದೇಹಿಯವರ ಕಥೆ, ನಮ್ಮದೇ ಕಡಲ ಬದಿ, ಉಮಾಶ್ರೀಯವರ ಮನೆಗೆ ಬರುವ ಟೀವಿ. ಚಿತ್ರಮಂದಿರದ ಕತ್ತಲಲ್ಲಿ ಕೂತು ನಾಚಿಕೊಂಡೆ. ಹಿತ್ತಲಲ್ಲಿ ಇದ್ದ ಮಾತ್ರಕ್ಕೆ ಹಿತ್ತಲು ಕಂಡಂತಲ್ಲ.

ಈಗಲೂ ಬರೆಯುತ್ತೇನೆ, ಹೊಟ್ಟೆಪಾಡು. ಆಗಲೂ ಈಗಲೂ ಮುಖ ಗಕ್ಕನೆ ನಿಲ್ಲಿಸುವುದು ತಪ್ಪಿಲ್ಲ. ಆದರೆ ಪ್ರತಿ ದೃಶ್ಯದ ತಲೆಗೆ, ‘ಒಳಾಂಗಣ, ರಾತ್ರಿ’ ಎಂಬುದರ ಪಕ್ಕ, ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಗೀಚಿಕೊಳ್ಳುತ್ತೇನೆ: ಯಾವ ತಿಂಗಳು? ಸಹಾಯಕ ಹುಡುಗರು ಅದನ್ನು ಶೂಟಿಂಗ್ ದಿನಾಂಕ ಎಂದುಕೊಂಡಿದ್ದಾರೆ. ಹೆಡಿಗೆಯ ದೃಶ್ಯ ಮಾತ್ರ ಇನ್ನೂ ಬರೆದಿಲ್ಲ. ಅದರಲ್ಲಿ ಪ್ರಾಂಪ್ಟ್ ಮಾಡಲು ಒಂದು ಮಾತೂ ಇಲ್ಲ.

ಮಳೆಗಾಲದಲ್ಲಿ ಊರಿಗೆ ಹೋದರೆ ಚಾ ಹೋಟೆಲಿನವರು ಇವತ್ತಿಗೂ ಬಿಡುವುದಿಲ್ಲ. “ಹ್ವಾಯ್, ನಿಮ್ ಬೋಟ್ ಇನ್ನೂ ಬರ್ಲಿಲ್ಯಾ?”

“ಹೊರಡ್ಲೇ ಇಲ್ಲ ಮಾರಾಯ್ರೆ” ಅನ್ನುತ್ತೇನೆ.